ನಡುಗುವ ಗೆರೆ

ಮಲಪ್ರಭೆಯ ದಂಡೆಯ ಮೇಲೆ ಅಡಿವೆಪ್ಪ ಎಂಬ ಚಿತ್ರಗಾರರಿದ್ದರು. ಜೀವನವಿಡೀ ಅವರು ಬರೆದದ್ದು ಅದೊಂದೇ ಹೊಳೆ, ಆಚೆಯ ದಂಡೆ, ಅಲ್ಲಿನ ಜಾಲಿಮರಗಳು.

ಹರೆಯದಲ್ಲಿ ಅವರ ಮರಗಳಲ್ಲಿ ಎಲೆಎಲೆಯೂ ಕಾಣುತ್ತಿತ್ತು. ನಡುವಯಸ್ಸಿನಲ್ಲಿ ಎಲೆ ಹೋಗಿ ಬರೀ ಬೆಳಕು ಉಳಿಯಿತು. ಮುಪ್ಪಿನಲ್ಲಿ ನಾಲ್ಕಾರು ಗೆರೆ, ಅವೂ ನಡುಗುವಂಥವು. ನೋಡಲು ಬಂದವರು ಅದನ್ನು ‘ಧ್ಯಾನದ ಗೆರೆ’ ಎಂದು ಕೊಂಡಾಡುತ್ತಿದ್ದರು. ಹೊಗಳುವ ಬಾಯಿಗೆ ಬೀಗ ಹಾಕುವವರಾರು?

ಗುರು ಒಪ್ಪುವ ತನಕ ಶಿಷ್ಯ ಚಿತ್ರದ ಕೆಳಗೆ ತನ್ನ ಹೆಸರು ಬರೆಯಬಾರದು. ಅದು ಅಲ್ಲಿಯ ಕಟ್ಟಳೆ. ಶಿಷ್ಯ ಕಲ್ಲಿನಾಥನ ಗಡ್ಡ ನರೆಯತೊಡಗಿದರೂ ಆ ಒಪ್ಪಿಗೆ ಸಿಕ್ಕಿರಲಿಲ್ಲ.

ಒಂದು ಬೆಳಿಗ್ಗೆ ಅವನು ಹೊಸ ಚಿತ್ರವೊಂದನ್ನು ತಂದು ಗುರುಗಳ ಮುಂದಿಟ್ಟ.

“ನಿನ್ನೆ ಬಂದವರು ಇದನ್ನ ನಿಮ್ಮದಂತ ತಿಳಿದು ಕೈ ಮುಗಿದ್ರು. ಇನ್ನರ ನನ್ನ ಹೆಸರು ಹಾಕ್ಲೇನ್ರಿ?”

ಅಡಿವೆಪ್ಪ ಚಿತ್ರವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು.

“ಹೆಸರು ಹಾಕು. ಆದ್ರ ನನ್ನ ಹೆಸರು ಹಾಕು.”

ಕಲ್ಲಿನಾಥನಿಗೆ ಮೈಯೆಲ್ಲ ಉರಿದುಹೋಯಿತು.

“ಇದು ಯಾವ ನ್ಯಾಯಾರೀ? ಎಲಿ ಕಲಿತೆ, ನೀವು ಎಲಿ ಬಿಟ್ರಿ. ಬೆಳಕು ಕಲಿತೆ, ಅದನ್ನೂ ಬಿಟ್ರಿ. ಈ ನಡುಕ ಕೈಗೆ ಹತ್ತಲಿಕ್ಕೆ ಎಷ್ಟ ಒದ್ದಾಡೇನಿ ಗೊತ್ತೈತೇನ್ರಿ? ನಿಮ್ಮ ಬೆನ್ನ ಹಿಂದ ಓಡೋದ್ರಾಗ ನನ್ನ ಆಯುಷ್ಯನ ಮುಗೀತು!”

“ಓಡು ಅಂತ ಯಾರಂದ್ರು?” ಅಡಿವೆಪ್ಪನವರ ದನಿಯೂ ಏರಿತು. “ಕಣ್ಣು ಚಲೋ ಇದ್ದಾಗ ಎಲಿ ಕಂಡ್ವು, ಬರದೆ. ಕಣ್ಣಿಗೆ ಪೊರಿ ಬಂತು, ಬೆಳಕಷ್ಟ ಉಳೀತು, ಅದನ್ನ ಬರದೆ. ನೀ ಏನ್ ಕಂಡಿ?”

“ನೀವು ಬರದದ್ದನ್ನ ಕಂಡೆ. ಗುರುವಿನ ಕಣ್ಣಿಲೆ ನೋಡೋದು ಶಿಷ್ಯನ ಧರ್ಮ ಅಲ್ಲೇನ್ರಿ?”

ಗುರು ಕುಂಚ ತೊಳೆಯುವ ಬಟ್ಟಲನ್ನು ಅವನ ಕೈಗೆ ತುರುಕಿ, ಹೊಳೆಯಿಂದ ಅಂಚಿನ ತನಕ ನೀರು ತುಂಬಿಕೊಂಡು ಬಾ ಎಂದರು.

ಕಲ್ಲಿನಾಥ ಸಿಡಿಮಿಡಿಗುಟ್ಟುತ್ತಲೇ ಇಳಿದುಹೋದ. ತುಂಬಿದ ಬಟ್ಟಲು ಹಿಡಿದು ದಂಡೆ ಹತ್ತಿ ಬಂದ. ಒಂದು ಹನಿಯೂ ಚೆಲ್ಲಿರಲಿಲ್ಲ.

ಅಡಿವೆಪ್ಪ ಎರಡೂ ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡರು. ನೀರು ಕುಲುಕಿ ಅವರ ಧೋತರದ ಮೇಲೆಲ್ಲ ಚೆಲ್ಲಿತು. ಗಾಬರಿಯಾಗಿ ಹಿಡಿಯಲು ಬಂದ ಶಿಷ್ಯನನ್ನು ಅವರು ಮೊಣಕೈಯಿಂದ ತಳ್ಳಿದರು.

“ನನಗ ಮುಪ್ಪು ಬಂದೈತಿ, ಕೈ ನಡುಗತೈತಿ, ಅದಕ್ಕ ಗೆರಿ ನಡುಗತಾವ. ನಿನ್ನ ಕೈಗೇನ್ ಧಾಡಿ ಬಂದೈತೋ?”