ಹಾಗಲಕಾಯಿ ಎಂಬ ಹೆಸರಿನವನು

ಹತ್ತಿರ ಬಾ ದಾಕ್ಷಾಯಣಿ. ಬಾಗಿಲು ಮುಂದೆ ಮಾಡು. ಚಿಲಕ ಬೇಡ, ಹಗಲಲ್ಲಿ ಚಿಲಕ ಹಾಕಿದರೆ ಓಣಿಯವರಿಗೆ ಅನುಮಾನ ಬರುತ್ತದೆ. ಈ ಮಾತು ಈ ಪಡಸಾಲೆ ದಾಟಬಾರದು. ಆಣೆ ಮಾಡು ಅನ್ನುವುದಿಲ್ಲ. ಆಣೆ ಮಾಡಿದವರೇ ಎಲ್ಲರಿಗಿಂತ ಮೊದಲು ಹೇಳಿದ್ದನ್ನು ಕಂಡಿದ್ದೇನೆ. ಸುಮ್ಮನೆ ತಲೆ ಅಲ್ಲಾಡಿಸು, ಸಾಕು.

ಈಗ ಕೇಳು, ಏನು ಕೇಳಬೇಕೆಂದು ಬಂದೆಯೋ ಅದನ್ನು.

"ಅಜ್ಜಿ, ಎದುರಿನ ಖೋಲ್ಯಾಗ ನಾನು ಕೆಲಸಕ್ಕ ಸೇರಿ ಮೂರು ದಿನ ಆತು. ನಶೆ ಸೂಜಿ ಚುಚ್ಚಿಕೊಳ್ಳೋ ಮಂದಿ ಬರ್ತಾರ. ಹಳೇ ಸೂಜಿ ಇಸಗೊಂಡು ಹೊಸಾದು ಕೊಡ್ತೀವಿ. ಹೆಸರು ಮಾತ್ರ ಕೇಳಬ್ಯಾಡ ಅಂತಾರ. ಹೆಸರು ಗೊತ್ತಾದರ ಏನು ಕೆಡ್ತದ?"

ಇದಕ್ಕೆ ಉತ್ತರ ನನ್ನನ್ನು ಕೇಳು ಎಂದು ಡಾಕ್ಟರಮ್ಮ ಕಳಿಸಿದಳಲ್ಲವೇ? ಕಳಿಸುತ್ತಾಳೆ. ಹೊಸಬರನ್ನೆಲ್ಲ ಒಮ್ಮೆ ಇಲ್ಲಿಗೆ ಕಳಿಸುತ್ತಾಳೆ.

ಒಂದು ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಓಣಿ ಇದೇ, ಮುದುಕಿ ನಾನೇ. ಕತೆ ಅಂದ ಮೇಲೆ ಹಾಗೆ ಶುರು ಮಾಡಬೇಕಲ್ಲ. ಮುದುಕಿ ಮೂರನೇ ಇಯತ್ತೆ ದಾಟಿರಲಿಲ್ಲ. ಆದರೆ ಯಾರ ಮನೆಗೆ ಯಾರು ಬಂದರು, ಬರುವಾಗ ಕೈಯಲ್ಲಿ ಏನಿತ್ತು, ಹೋಗುವಾಗ ಏನಿರಲಿಲ್ಲ, ಎಲ್ಲವನ್ನೂ ಕೇಳಿದವರಿಗೂ ಕೇಳದವರಿಗೂ ಹೇಳಬಲ್ಲಳು.

ಎದುರಿಗೆ ಒಂದು ತರಕಾರಿ ಅಂಗಡಿ ಇತ್ತು. ಅದು ಮುಚ್ಚಿತು. ಆ ಖೋಲಿಗೆ ಒಬ್ಬ ಡಾಕ್ಟರಮ್ಮ, ಇಬ್ಬರು ಕೆಲಸದವರು ಬಂದು ಕುಳಿತರು. ಬಂದವರಲ್ಲಿ ಕೆಲವರಿಗೆ ಹೊಸ ಸೂಜಿ, ಕೆಲವರಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಗುಳಿಗೆ. ಗುಳಿಗೆಯವರು ದಿನಾ ಬೆಳಿಗ್ಗೆ ಬರಬೇಕು. ಅದು ಕರಗಿದರೆ ಆ ದಿನವೆಲ್ಲ ಅವರಿಗೆ ಸೂಜಿಯ ಮೇಲೆ ಆಸೆ ಹುಟ್ಟುವುದಿಲ್ಲವಂತೆ, ಮೈ ನಡುಗುವುದಿಲ್ಲವಂತೆ.

ಅಂಗಡಿಯ ಗೋಡೆಯ ಮೇಲೆ ಕಾಯಿಪಲ್ಲೆಯ ಚಿತ್ರಗಳು ಹಾಗೇ ಉಳಿದಿದ್ದವು. ಡಾಕ್ಟರಮ್ಮ ಬಂದವರಿಗೆ ಹೇಳುತ್ತಿದ್ದಳು: ನಿಮ್ಮ ಹೆಸರು ಬೇಡ, ಗೋಡೆ ನೋಡಿ ಒಂದು ಕಾಯಿ ಆರಿಸಿಕೊಳ್ಳಿ. ಒಬ್ಬ ಬದನೆ ಆದ. ಒಬ್ಬ ಹೀರೆ ಆದ. ಒಬ್ಬಳು ಕುಂಬಳಕಾಯಿ ಆದಳು. ಪಟ್ಟಿ ಓದುವುದು ಈ ಪಡಸಾಲೆಗೆ ಕೇಳಿಸುತ್ತಿತ್ತು. ಬದನೆ ಬಂದ. ಹೀರೆ ಬಂದ. ಕುಂಬಳಕಾಯಿಗೆ ಜ್ವರ.

ಮುದುಕಿಗೆ ಅನ್ನ ಇಳಿಯದಾಯಿತು. ಯಾವ ಕಾಯಿ ಯಾವ ಮನೆಯದು?

ತಂಬಿಗೆಯಲ್ಲಿ ಮಜ್ಜಿಗೆ ತೆಗೆದುಕೊಂಡು ಹೋದಳು. "ಬಿಸಲಾಗ ದುಡೀತೀರಿ, ಕುಡೀರವ್ವ. ಅಂದಂಗ ಆ ಹೀರೇಕಾಯಿ ಯಾರ ಮಗಾ?"

"ಅಜ್ಜಿ, ಮಜ್ಜಿಗಿ ಭಾಳ ಛಲೋ ಐತಿ," ಅಂದಳು ಡಾಕ್ಟರಮ್ಮ.

ಮರುದಿನ ಮತ್ತೆ ಹೋದಳು. ಮತ್ತೆ ಮಜ್ಜಿಗೆ ಛಲೋ ಇತ್ತು. ಒಂದು ತಿಂಗಳು ಮುದುಕಿಯ ಮೊಸರು ಖರ್ಚಾಯಿತು. ಒಂದು ಹೆಸರೂ ಹೊರಗೆ ಬೀಳಲಿಲ್ಲ.

ಆಮೇಲೆ ಮುದುಕಿಗೆ ಹೊಳೆಯಿತು. ಬರುವವರು ಮುಖಕ್ಕೆ ಟವಲ್ ಸುತ್ತಿಕೊಂಡು ಬರುತ್ತಿದ್ದರು, ಆದರೆ ಚಪ್ಪಲಿಯನ್ನು ಹೊರಗೇ ಬಿಡುತ್ತಿದ್ದರು. ನಲವತ್ತು ವರ್ಷ ಒಂದೇ ಓಣಿಯಲ್ಲಿ ಕುಳಿತವಳಿಗೆ ಚಪ್ಪಲಿ ಗುರುತು ಹಿಡಿಯುವುದು ಯಾವ ದೊಡ್ಡ ವಿದ್ಯೆ? ಒಂದು ಜೋಡಿಯ ಎಡಗಾಲಿನ ಪಟ್ಟಿಗೆ ನೀಲಿ ವೈರು ಹಾಕಿ ಹೊಲಿದಿತ್ತು. ಆ ಜೋಡಿ ಬಾಗಿಲಿಗೆ ಬಂದಾಗಲೆಲ್ಲ ಒಳಗೆ ಹಾಗಲಕಾಯಿ ಎಂದು ಕೂಗುತ್ತಿದ್ದರು. ಆ ವೈರು ಮುದುಕಿಗೆ ಗೊತ್ತಿತ್ತು. ಪಕ್ಕದ ಮನೆಯ ಕಸ್ತೂರೆವ್ವನ ಮಗ ಮಾಂತೇಶ, ಟೆಂಪೋ ಓಡಿಸುವವನು. ಅವನ ಮನೆಗೂ ಈ ಮನೆಗೂ ನಡುವೆ ಒಂದೇ ಗೋಡೆ.

ಸುಳ್ಳು ಯಾಕೆ ಹೇಳಲಿ, ಅಂದು ಮುದುಕಿಗೆ ಎರಡು ರೊಟ್ಟಿ ಹೆಚ್ಚು ಸೇರಿತು.

ನಳದ ಹತ್ತಿರ ಒಬ್ಬಳಿಗೆ ಹೇಳಿದಳು. ಹಿಟ್ಟಿನ ಗಿರಣಿಯಲ್ಲಿ ಇಬ್ಬರಿಗೆ ಹೇಳಿದಳು. ಯಾರಿಗೂ ಹೇಳಬೇಡಿರವ್ವ ಎಂದು ಮೂವರಿಗೂ ಹೇಳಿದಳು. ಮರುದಿನ ಮಾಂತೇಶ ಗಿರಣಿಯ ಮುಂದೆ ಟೆಂಪೋ ನಿಲ್ಲಿಸಿದಾಗ ಯಾರೋ ಕೇಳಿದರು, "ಏನಪಾ, ಹಾಗಲಕಾಯಿ ಕೇಜಿಗೆ ಎಷ್ಟು?" ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವನು ಹಿಟ್ಟು ತೆಗೆದುಕೊಳ್ಳದೆ ಹೋದ.

ಅದರ ಮರುದಿನ ನೀಲಿ ವೈರಿನ ಚಪ್ಪಲಿ ಬರಲಿಲ್ಲ. ಮೂರನೆಯ ದಿನ ಬದನೆಯ ಚಪ್ಪಲಿಯೂ ಇಲ್ಲ, ಹೀರೆಯದೂ ಇಲ್ಲ. ಬಾಗಿಲ ಮುಂದಿನ ಕಲ್ಲು ಬರಿದಾಯಿತು. ಮುದುಕಿ ಈ ಕಟ್ಟೆಯ ಮೇಲೆ ಕುಳಿತು ಹಿಗ್ಗಿದಳು. ಡಾಕ್ಟರಮ್ಮ ಒಂದು ವರ್ಷ ಕುಳಿತು ಬಿಡಿಸಲಾಗದ ಚಟವನ್ನು ನನ್ನ ನಾಲಿಗೆ ಮೂರು ದಿನದಲ್ಲಿ ಬಿಡಿಸಿತು ಅಂದುಕೊಂಡಳು. ಎಲ್ಲರೂ ಸುಧಾರಿಸಿದರು ಅಂದುಕೊಂಡಳು.

ಕಸ್ತೂರೆವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಬೆಳಕು ಹರಿಯುವ ಮೊದಲೇ ಹೋಗುತ್ತಾಳೆ. ಮಗನನ್ನು ಮೊದಲ ದಿನ, ಈ ಕಟ್ಟೆ ಖಾಲಿ ಇದ್ದ ಹೊತ್ತು ನೋಡಿ, ಕೈಹಿಡಿದು ಆ ಖೋಲಿಯ ಬಾಗಿಲ ತನಕ ಬಿಟ್ಟವಳು ಅವಳೇ. ನಾಲ್ಕು ತಿಂಗಳಿಂದ ಅವನು ಸೂಜಿ ಮುಟ್ಟಿರಲಿಲ್ಲ. ಖೋಲಿಗೆ ಹೋಗುವುದು ಬಿಟ್ಟ ಮೇಲೂ ಅವನು ದಿನಾ ಹೊತ್ತಿಗೆ ಸರಿಯಾಗಿ ಮನೆ ಬಿಡುತ್ತಿದ್ದ. ಗುಳಿಗೆಗೆ ಹೋಗುತ್ತಾನೆ ಎಂದು ತಾಯಿ ತಿಳಿದಿದ್ದಳು. ಸಂಜೆ ಬಂದು ಗೋಡೆಯ ಆಚೆಯಿಂದ ಮುದುಕಿಯನ್ನು ಮಾತಾಡಿಸುತ್ತಿದ್ದಳು. ಗಿರಣಿಯ ನಗು ಅವಳ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ಮುದುಕಿ ಪಲ್ಯದ ಸುದ್ದಿ, ಸೊಸೆಯಂದಿರ ಸುದ್ದಿ ಎಲ್ಲ ಆಡಿದಳು. ಈ ಸುದ್ದಿ ಒಂದನ್ನು ಆಡಲಿಲ್ಲ.

ಖೋಲಿಯವರು ಅವನನ್ನು ಹುಡುಕಿದರು. ಅವರ ಪಟ್ಟಿಯಲ್ಲಿ ಹೆಸರಿಲ್ಲ, ಮನೆ ಇಲ್ಲ, ಹಾಗಲಕಾಯಿ ಅಂತ ಇದೆ, ಅಷ್ಟೇ. ಮುಚ್ಚಿದ ಮನೆಗಳು, ಸಂತೆ ಕಟ್ಟೆ, ಬಸ್ ಸ್ಟ್ಯಾಂಡಿನ ಹಿಂದೆ, ಎಲ್ಲ ಕಡೆ ನೋಡಿದರು. ಎಂಟನೆಯ ದಿನ ಮಧ್ಯಾಹ್ನ ಹಳೆಯ ಅರಳೆ ಮಿಲ್ಲಿನಲ್ಲಿ ಸಿಕ್ಕ. ಮೂರು ಮಂದಿ ಇದ್ದರು, ಸೂಜಿ ಒಂದೇ ಇತ್ತು. ನಶೆ ಹೆಚ್ಚಾಗಿ ಉಸಿರು ಕಟ್ಟಿ, ಮಾಂತೇಶನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉಸಿರು ಮರಳಿಸುವ ಔಷಧವೊಂದನ್ನು ಅವರು ಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ. ಅದನ್ನು ಕೊಟ್ಟರು. ಬಾಯಿಗೆ ಬಾಯಿ ಇಟ್ಟು ಗಾಳಿ ಊದಿದರು. ಬಹಳ ಹೊತ್ತಿನ ಮೇಲೆ ಕೆಮ್ಮಿದ.

ಜೀವ ಉಳಿಯಿತು. ಮೂವರು ಹಂಚಿಕೊಂಡ ಸೂಜಿಯಿಂದ ರಕ್ತಕ್ಕೆ ಸೇರಿದ ಕಾಯಿಲೆಯೂ ಉಳಿಯಿತು. ಅದಕ್ಕೆ ಈಗಲೂ ಗುಳಿಗೆ ನುಂಗುತ್ತಾನೆ.

ಕಸ್ತೂರೆವ್ವ ದವಾಖಾನೆಯಲ್ಲಿ ಎಲ್ಲ ತಿಳಿದುಕೊಂಡು ನೇರವಾಗಿ ಈ ಮನೆಗೆ ಬಂದಳು. ಅವಳು ಓಣಿ ತಿರುಗಿದ್ದನ್ನು ಮುದುಕಿ ದೂರದಿಂದಲೇ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಉತ್ತರ ಬಾಯಲ್ಲೇ ಇತ್ತು: ನಾನು ಇಲ್ಲದ್ದೇನಾದರೂ ಹೇಳಿದೆನೇನು? ಬಂದಿದ್ದಕ್ಕೆ ಬಂದ ಅಂದೆ. ಜಗಳವಾದರೆ ಗೆಲ್ಲುವವಳು ಮುದುಕಿಯೇ, ಓಣಿಗೆಲ್ಲ ಅದು ಗೊತ್ತು. ಆಗಲೇ ನಾಲ್ಕು ಬಾಗಿಲು ತೆರೆದಿದ್ದವು.

ಕಸ್ತೂರೆವ್ವ ಕಟ್ಟೆ ಹತ್ತಲಿಲ್ಲ. ದನಿ ಏರಿಸಲಿಲ್ಲ. ಕೆಳಗೇ ನಿಂತು ಮುದುಕಿಯ ಮುಖ ನೋಡಿ ಅಂದಳು:

"ತುಂಗಕ್ಕಾರ, ಅವ ಖೋಲಿಗೆ ಹೋಗೂ ಸುದ್ದಿ ಊರಿಗೆಲ್ಲಾ ಹೇಳಿದ್ರಿ, ಹೋಗಲಾರದ ಎಂಟು ದಿನದಾಗ ನನಗೊಬ್ಬಾಕಿಗರೆ ಒಂದ್ ಮಾತು ಹೇಳಬಾರದಿತ್ತೇನ್ರಿ?"