ಹಾವು ಕಂಡರಿಯದ ಸರ್ಪಸಂಹಾರಿ

ಒಂದು ಕಾಡಿನಲ್ಲಿ, ಹುಲ್ಲಿಗಿಂತ ಕಲ್ಲೇ ಹೆಚ್ಚಾಗಿದ್ದ ಒಂದು ಕುರುಚಲು ಕಾಡಿನಲ್ಲಿ, ಕೆಂಚ ಎಂಬ ಮುಂಗುಸಿ ಇದ್ದ. ಅವನಿಗೆ ಬೇರು-ನಾರಿನ ಮದ್ದು ಕಲಿಯುವ ಆಸೆ. ಆ ವಿದ್ಯೆ ಕಲಿಸುವವಳು ಗೌರಜ್ಜಿ ಎಂಬ ಮುದಿ ಆನೆ. ಅವಳಿದ್ದದ್ದು ಏಳು ಗುಡ್ಡಗಳ ಆಚೆಯ ಹೊಳೆಕಾಡಿನಲ್ಲಿ. ಕೆಂಚನ ಕುಲದಲ್ಲಿ ಅಷ್ಟು ದೂರ ಹೋದವರು ಯಾರೂ ಇರಲಿಲ್ಲ. ಹೊರಡುವ ದಿನ ಬಂಧುಬಳಗವೆಲ್ಲ ನೆರೆಯಿತು. "ನಮ್ಮ ಹೆಸರು ಉಳಿಸಪ್ಪಾ" ಎಂದು ಅವ್ವ ಮೂತಿ ನೆಕ್ಕಿ ಕಳಿಸಿದಳು. ಕೆಂಚ ಎದೆಯುಬ್ಬಿಸಿ ಹೊರಟ. ಮೊದಲ ಗುಡ್ಡ ಇಳಿಯುವಷ್ಟರಲ್ಲಿ ಆ ಎದೆ ಮಾಮೂಲಿ ಗಾತ್ರಕ್ಕೆ ಬಂದಿತ್ತು.

ಹೊಳೆಕಾಡಿನಲ್ಲಿ ಎಲ್ಲವೂ ಬೇರೆ. ನೆಲವೆಲ್ಲ ಒದ್ದೆ, ಕಾಲ ಸಂದಿಯಲ್ಲಿ ಸದಾ ಕೆಸರು. ಅಲ್ಲಿನವರು ಬೆಳಗ್ಗೆ ಎದುರಾದರೆ "ನೀರು ಹೇಗಿದೆ?" ಎಂದು ಕೇಳುತ್ತಿದ್ದರು. ಅದು ಬರೀ ನಮಸ್ಕಾರ. ಆದರೆ ಅದು ತಿಳಿಯದ ಕೆಂಚ ಮೂರು ದಿನ ಹೊಳೆಯವರೆಗೂ ಓಡಿ, ಕಾಲು ಅದ್ದಿ ನೋಡಿ, ಏದುಸಿರು ಬಿಡುತ್ತಾ ಬಂದು "ತಣ್ಣಗಿದೆ" ಎಂದು ವರದಿ ಒಪ್ಪಿಸಿದ. ನಾಲ್ಕನೆಯ ದಿನ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ತರಗತಿಯಲ್ಲಿ ಜಿಗ್ಗ ಎಂಬ ಕೆಂದಳಿಲು ಇದ್ದ. ಅವನ ಜೊತೆ ಊಟಕ್ಕೆ ಕೂರೋಣವೆಂದು ಕೆಂಚ ಮರ ಹತ್ತಿದ. ಜಿಗ್ಗ ಒಂದು ಕೊಂಬೆಯಿಂದ ಇನ್ನೊಂದು ಕೊಂಬೆಗೆ ಹಾರಿದ. ಕೆಂಚನೂ ಹಾರಿದ. ಎದುರಿನ ಕೊಂಬೆ ಇವನಿಗಾಗಿ ಒಂದಿಷ್ಟು ಮುಂದೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಅದು ಬರಲಿಲ್ಲ. ಅಂದಿನಿಂದ ಕೆಂಚ ಕೊನೆಯ ಸಾಲಿನಲ್ಲಿ, ಒಂದು ಮರದ ಬೊಡ್ಡೆಯ ಹಿಂದೆ, ಸೊಂಟ ಸವರಿಕೊಳ್ಳುತ್ತಾ ಕೂರತೊಡಗಿದ. ಯಾರೂ ಅವನನ್ನು ಬೈಯಲಿಲ್ಲ. ಮಾತಾಡಿಸಲೂ ಇಲ್ಲ.

ಒಂದು ಮಧ್ಯಾಹ್ನ ತುಂಗಿ ಎಂಬ ನೀರುನಾಯಿ ಹತ್ತಿರ ಬಂದಳು.

"ನೀನು ಮುಂಗುಸಿ ಅಲ್ವಾ? ಮುಂಗುಸಿಗಳು ಹಾವು ಕೊಲ್ತವಂತೆ, ಹೌದಾ?"

ನಿಜ ಹೇಳಬೇಕೆಂದರೆ ಕೆಂಚ ತನ್ನ ಜೀವಮಾನದಲ್ಲಿ ಹಿಡಿದಿದ್ದು ಮಿಡತೆಗಳನ್ನು ಮಾತ್ರ. ಹಾವನ್ನು ಕಣ್ಣಾರೆ ಕಂಡವನೇ ಅಲ್ಲ. ಒಮ್ಮೆ ಗಾಳಿಗೆ ಹಾರಿಬಂದ ಹಾವಿನ ಪೊರೆಯೊಂದು ಬಾಲಕ್ಕೆ ತಾಗಿ, ಮೂರು ದಿನ ಜ್ವರ ಬಂದು ಮಲಗಿದ್ದ. ಆದರೆ ಇಷ್ಟು ದಿನದಲ್ಲಿ ಮೊದಲ ಬಾರಿಗೆ ಒಬ್ಬರು ಅವನ ಬಗ್ಗೆ ಪ್ರಶ್ನೆ ಕೇಳಿದ್ದರು.

"ಹೂಂ" ಎಂದ ಕೆಂಚ. ಆಮೇಲೆ ಅಷ್ಟಕ್ಕೇ ನಿಲ್ಲಿಸಲಾಗದೆ, "ಒಂದೆರಡು" ಎಂದ.

"ಒಂದೆರಡಾ!" ತುಂಗಿ ಕೂಗಿದಳು. ಎಲ್ಲರೂ ಓಡಿಬಂದರು.

ಅಲ್ಲಿಂದ ಸುಳ್ಳಿಗೆ ಕಾಲು ಬಂತು. ಒಂದೆರಡು ಇದ್ದದ್ದು ವಾರದಲ್ಲಿ ಹನ್ನೆರಡಾಯಿತು, ತಿಂಗಳಿಗೆ ನಲವತ್ತಾಯಿತು. ನಲವತ್ತನೆಯದಕ್ಕೆ ಎರಡು ಹೆಡೆ ಇತ್ತು. ಎಲ್ಲರೂ ಅವನನ್ನು 'ಸರ್ಪಸಂಹಾರಿ' ಎಂದು ಕರೆದರು. ಮುಂದಿನ ಸಾಲಿನಲ್ಲಿ ಜಾಗ ಬಿಟ್ಟುಕೊಟ್ಟರು. ತುಂಗಿ ದಿನಾ ಹೊಳೆಯಿಂದ ಏಡಿ ತಂದುಕೊಟ್ಟಳು. ಕೆಂಚ ತಿಂದು ತಿಂದು ಕುಂಬಳಕಾಯಿಯಾದ.

ಆದರೂ ಅವನಿಗೆ ಸುಖವಿರಲಿಲ್ಲ. ಅವ್ವನ ನೆನಪಾಗಿ ಕಣ್ಣು ತುಂಬಿದರೆ ಮುಖ ಆಚೆ ತಿರುಗಿಸುತ್ತಿದ್ದ. ಸರ್ಪಸಂಹಾರಿ ಅತ್ತರೆ ಹೇಗೆ? ಮಿಡತೆ ಕಂಡರೆ ಬಾಯಲ್ಲಿ ನೀರೂರುತ್ತಿತ್ತು. ನಲವತ್ತು ಹಾವು ಕೊಂದವನು ಮಿಡತೆಯ ಹಿಂದೆ ಕುಪ್ಪಳಿಸಿದರೆ ಹೇಗೆ? 'ಇವರೆಲ್ಲ ಪ್ರೀತಿಸೋದು ಯಾವನೋ ಒಬ್ಬ ವೀರನನ್ನ. ನಾನು ಅವನ ಪಾಲಿನ ಏಡಿ ತಿಂತಾ ಇದೀನಿ ಅಷ್ಟೆ' ಎಂದು ಅವನಿಗೆ ಅನಿಸುತ್ತಿತ್ತು. ಹಾಗೆಂದು ಏಡಿಯನ್ನೇನೂ ಬಿಡಲಿಲ್ಲ.

ಒಂದು ಬೆಳಗ್ಗೆ ಗೌರಜ್ಜಿ ಸ್ನಾನಕ್ಕೆ ಹೋಗಿದ್ದಳು. ಜಿಗ್ಗ ಮರದ ಮೇಲಿಂದ ಕಿರುಚಿದ.

"ಹಾವು! ಹಾವು! ಹುತ್ತದ ಹತ್ತಿರ ಹಾವು!"

ಒಂದೇ ಕ್ಷಣದಲ್ಲಿ ಇಡೀ ತರಗತಿ ಕೆಂಚನ ಬೆನ್ನ ಹಿಂದೆ ನಿಂತಿತ್ತು.

"ಹೋಗು ಸರ್ಪಸಂಹಾರಿ!" ಎಂದಳು ತುಂಗಿ.

ಕೆಂಚ ಹುತ್ತದ ಕಡೆ ನೋಡದೆ ಆಕಾಶ ನೋಡಿದ. "ಇವತ್ತು... ಇವತ್ತು ಅಮಾವಾಸ್ಯೆ. ನಮ್ಮ ಕುಲದವರು ಅಮಾವಾಸ್ಯೆ ದಿನ ಹಾವು ಮುಟ್ಟಲ್ಲ."

"ಮೊನ್ನೆ ತಾನೇ ಹುಣ್ಣಿಮೆ ಆಯ್ತಲ್ಲೋ!"

"ಹಾಗಾದ್ರೆ ಹಲ್ಲು ಮಸೆದುಕೊಂಡು ಬರ್ತೀನಿ. ನೀವ್ಯಾರೂ ಬರಬೇಡಿ, ರಕ್ತ ಸಿಡಿಯುತ್ತೆ" ಎಂದು ಕೆಂಚ ಹುತ್ತದ ಹಿಂಬದಿಗೆ ಓಡಿದ. ಅಲ್ಲೊಂದು ಬಿಲ ಕಂಡಿತು. ಹಿಂದೆ ಮುಂದೆ ನೋಡದೆ ತಲೆ ತೂರಿಸಿದ. ತಲೆ ಹೋಯಿತು, ಎದೆ ಹೋಯಿತು. ಹೊಟ್ಟೆ ಹೋಗಲಿಲ್ಲ. ತುಂಗಿಯ ಏಡಿಗಳೆಲ್ಲ ಬಿಲದ ಬಾಯಲ್ಲೇ ಅಡ್ಡ ನಿಂತವು.

ಒಳಗೆ, ಅವನ ಮೂಗಿಗೆ ಒಂದು ಗೇಣು ದೂರದಲ್ಲಿ, ಆ ಹಾವು ಮುದುಡಿ ಕೂತಿತ್ತು. ಕೂಗಾಟಕ್ಕೆ ಹೆದರಿ ಅದೂ ಅಲ್ಲಿಗೇ ನುಗ್ಗಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಕೆಂಚ ಗಟ್ಟಿಯಾಗಿ ಕಣ್ಣು ಮುಚ್ಚಿದ. ಹಾವಿಗೆ ರೆಪ್ಪೆಯಿಲ್ಲ. ಇದ್ದಿದ್ದರೆ ಅದೂ ಮುಚ್ಚುತ್ತಿತ್ತು.

"ಅಣ್ಣಾ, ಕೊಲ್ಲಬ್ಯಾಡ" ಎಂದಿತು ಹಾವು. "ನಾನು ಕೇರೆ ಹಾವು. ನನಗೆ ವಿಷ ಇಲ್ಲ. ನನ್ನ ಹೆಸರು ಸಾವಂತ್ರಿ. ಹೊಲದ ಕಡೆಯಿಂದ ಇಲ್ಲಿ ಓದಾಕ ಬಂದೀನಿ."

ಕೆಂಚ ಒಂದು ಕಣ್ಣು ತೆರೆದ. "ಓದೋಕಾ?"

"ಹೌದಣ್ಣಾ. ಎಂಟು ದಿನ ತೆವಳಿ ಬಂದೆ. ದಾರಿ ಕೇಳೋಣ ಅಂದ್ರ ಎಲ್ಲಾರೂ ಕಿರುಚಿಕೊಂಡು ಓಡಿಹೋಗ್ತಾರ. ಇಲ್ಲಾದ್ರೂ ಯಾರಾದ್ರೂ ಮಾತಾಡಿಸ್ತಾರ ಅಂದುಕೊಂಡಿದ್ದೆ."

ಕೆಂಚನ ಎದೆ ಚುರ್ ಎಂದಿತು. ಆದರೆ ಎದೆಗಿಂತ ಮೊದಲು ಅವನ ಜಾಣತನ ಎಚ್ಚರವಾಯಿತು. "ನೋಡು ತಂಗಿ, ಆ ಕಡೆ ಇನ್ನೊಂದು ಬಾಯಿ ಇದ್ದಂಗಿದೆ. ನೀನು ಅಲ್ಲಿಂದ ಜಾರಿಕೊಂಡು ಊರಿಗೆ ಹೋಗಿಬಿಡು. ಕೊಂದೆ ಅಂತ ನಾನು ಹೇಳ್ತೀನಿ. ನಿನ್ನ ಜೀವ ಉಳಿಯುತ್ತೆ, ನನ್ನ ಮಾನ ಉಳಿಯುತ್ತೆ."

"ಮತ್ತ ನನ್ನ ಓದು?"

ಕೆಂಚ ಆ ಇನ್ನೊಂದು ಬಾಯಿಯತ್ತ ಮೂತಿ ತೋರಿಸಿದ. ಸಾವಂತ್ರಿ ಆ ಕಡೆ ನೋಡಿದಳು. "ಆಗಲಿ ಬಿಡಣ್ಣಾ" ಎಂದು ತಿರುಗಿ, ಕತ್ತಲಲ್ಲಿ ಮೆಲ್ಲಗೆ ಸರಿದುಹೋದಳು.

ಹೊರಗೆ ಕೆಂಚನ ಹಿಂಗಾಲುಗಳು ಗಾಳಿಯಲ್ಲಿ ಒದ್ದಾಡುತ್ತಿದ್ದವು. "ಆಹಾ, ಏನು ಯುದ್ಧ!" ಎಂದು ಜಿಗ್ಗ ಕುಣಿದ. ಬಹಳ ಹೊತ್ತಾದರೂ ಯುದ್ಧ ಮುಗಿಯದಿದ್ದಾಗ ಎಲ್ಲರೂ ಸೇರಿ ಬಾಲ ಹಿಡಿದು ಎಳೆದರು. ಕೆಂಚ 'ಪಟ್' ಎಂದು ಹೊರಬಂದು ಬಿದ್ದ.

"ಏನಾಯ್ತು? ಏನಾಯ್ತು?"

ಕೆಂಚ ಮೈಯ ಮಣ್ಣು ಕೊಡವಿದ. "ಕೊಂದೆ" ಎಂದ. "ನಲವತ್ತೊಂದು."

ಜೈಕಾರ ಮುಗಿಲು ಮುಟ್ಟಿತು. ಅಷ್ಟರಲ್ಲಿ ಗೌರಜ್ಜಿ ಸೊಂಡಿಲಿನಿಂದ ನೀರು ಸುರಿಸುತ್ತಾ ಬಂದಳು.

"ಏನ್ರೋ ಇದು ಗದ್ದಲ? ಹೊಸ ಹುಡುಗಿ ಬಂದಳಾ? ನಾನೇ ಬರಹೇಳಿದ್ದೆ. ಪಾಪ, ಕೇರೆ ಹಾವು, ಬಹಳ ಸಾಧು. ನಿಮಗೆ ಹೇಳೋಕೆ ಮರೆತೇಹೋಯ್ತು ನೋಡಿ."

ಜೈಕಾರ ಅಲ್ಲಿಗೇ ನಿಂತಿತು. ಎಲ್ಲರ ಕಣ್ಣೂ ಕೆಂಚನ ಮೇಲೆ ನೆಟ್ಟವು. ತುಂಗಿ ಎರಡು ಹೆಜ್ಜೆ ಹಿಂದೆ ಸರಿದಳು.

"ಓದಲು ಬಂದವಳನ್ನು ಕೊಂದೆಯೇನೋ?" ಎಂದಳು.

ಕೆಂಚ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದ. ಕೊಂದೆ ಎಂದರೆ ಕೊಲೆಗಾರ, ಇಲ್ಲ ಎಂದರೆ ಸುಳ್ಳುಗಾರ. ಇನ್ನೂ ಒಂದು ಸುಳ್ಳು ಹೊಳೆಯಬಹುದೇ ಎಂದು ಒಂದು ಕ್ಷಣ ಕಾದ. ಹೊಳೆಯಲಿಲ್ಲ. ಹೊಳೆದಿದ್ದರೆ ಅದನ್ನೂ ಹೇಳುತ್ತಿದ್ದನೋ ಏನೋ.

"ಇಲ್ಲ" ಎಂದ. "ಅವಳನ್ನೂ ಕೊಂದಿಲ್ಲ, ಆ ನಲವತ್ತನ್ನೂ ಕೊಂದಿಲ್ಲ. ನಾನು ಹಾವನ್ನು ನೋಡಿದ್ದೇ ಇವತ್ತು. ಅದೂ ಕಣ್ಣು ಮುಚ್ಚಿಕೊಂಡು. ನಾನೊಬ್ಬ ಮಿಡತೆಸಂಹಾರಿ, ಅಷ್ಟೆ. ಮಾನ ಉಳಿಸಿಕೊಳ್ಳೋಕೆ ಆ ಹುಡುಗೀನ ಓಡಿಸಿಬಿಟ್ಟೆ."

ಯಾರೂ ನಗಲಿಲ್ಲ. "ನೀನೇ ಓಡಿಸಿದ್ದು, ನೀನೇ ಕರೆದುಕೊಂಡು ಬಾ" ಎಂದಳು ಗೌರಜ್ಜಿ.

ಕೆಂಚ ಕುಂಬಳಕಾಯಿಯಂಥ ಹೊಟ್ಟೆ ಹೊತ್ತು ಓಡಿದ. ಬಿದಿರ ಮೆಳೆ ದಾಟಿ, ಕೊಚ್ಚೆ ದಾಟಿ, ಎರಡು ಸಲ ಬಿದ್ದು, ಕೊನೆಗೆ ಕಾಡಿನ ಅಂಚಿನಲ್ಲಿ ಸಾವಂತ್ರಿಯನ್ನು ಕಂಡ. ಅವಳನ್ನು ಕಂಡದ್ದೇ ತಡ, ಅವನ ಕೂದಲೆಲ್ಲ ನೆಟ್ಟಗೆ ನಿಂತವು.

"ತಂಗಿ, ತಪ್ಪಾಯ್ತು. ವಾಪಸ್ ಬಾ."

"ನಿನ್ನ ಮಾನ?"

"ಅದು ಹೋಯ್ತು. ಈಗ ಹಗುರಾಗಿದೀನಿ" ಎಂದ ಕೆಂಚ, ಏದುಸಿರು ಬಿಡುತ್ತಾ.

ಸಾವಂತ್ರಿ ಅವನ ಹೊಟ್ಟೆ ನೋಡಿದಳು. "ಹಗುರಾದಂಗ ಕಾಣೋದಿಲ್ಲಲ್ಲಣ್ಣಾ" ಎಂದಳು. ಇಬ್ಬರಿಗೂ ನಗು ಬಂತು.

ಮುಂಗುಸಿ ಮತ್ತು ಹಾವು ಜೊತೆಜೊತೆಗೆ ಬರುವುದನ್ನು ಕಂಡು ಇಡೀ ತರಗತಿ ಬಾಯಿ ಬಿಟ್ಟು ನಿಂತಿತು. ಜಿಗ್ಗ ಒಂದು ಕೊಂಬೆ ಕೆಳಗಿಳಿದ. ಕೆಂಚ ಸಾವಂತ್ರಿಯನ್ನು ಒಬ್ಬೊಬ್ಬರಿಗೂ ಪರಿಚಯ ಮಾಡಿಸಿದ. ಆಮೇಲೆ ಇಂಗು ತಿಂದ ಮಂಗನಂತೆ ನಿಂತ, ತನ್ನನ್ನು ಇನ್ನು ಯಾರು ಸೇರಿಸಿಕೊಳ್ಳುತ್ತಾರೆ ಎಂದುಕೊಳ್ಳುತ್ತಾ.

ತುಂಗಿ ಮುಖ ಗಂಟು ಹಾಕಿಕೊಂಡೇ ಕೇಳಿದಳು. "ನನ್ನ ಏಡಿಗಳನ್ನ ಪುಕ್ಕಟೆ ತಿಂದ್ಯಲ್ಲ, ನಾಚಿಕೆ ಆಗಲ್ವಾ?"

"ಆಗುತ್ತೆ. ಅದರಲ್ಲೂ ಆ ದೊಡ್ಡ ಕೊಂಡಿಯ ಏಡಿ ನೆನಪಾದಾಗ ಜಾಸ್ತಿ ಆಗುತ್ತೆ."

ತುಂಗಿ ತಡೆದುಕೊಳ್ಳಲಾರದೆ ನಕ್ಕಳು. "ಮುಂಗುಸಿ ಆಗಿ ಹಾವಿಗೆ ಹೆದರ್ತೀಯಾ?"

"ಹೂಂ."

"ಯಾರಿಗೂ ಹೇಳ್ಬೇಡ" ಎಂದು ಅವಳು ದನಿ ತಗ್ಗಿಸಿದಳು. "ನಾನು ನೀರುನಾಯಿ. ಆದ್ರೂ ಮಡುವಿನ ಆಳಕ್ಕೆ ಇಳಿಯೋಕೆ ನಂಗೂ ಹೆದರಿಕೆ."

ಅಂದು ಸಂಜೆ ಕೆಂಚ ಎಲ್ಲರ ನಡುವೆ ಕೂತು ಅವ್ವನನ್ನು ನೆನೆದು ಜೋರಾಗಿ ಅತ್ತ. ಯಾರೂ ನಗಲಿಲ್ಲ. ಸಾವಂತ್ರಿಯೂ ಅತ್ತಳು. ಗೌರಜ್ಜಿ ಸೊಂಡಿಲಿನಿಂದ ಇಬ್ಬರ ಬೆನ್ನನ್ನೂ ಸವರಿ, "ಅತ್ತದ್ದು ಸಾಕು, ನಾಳೆ ಬೇರು ಅಗೆಯೋದಿದೆ. ಇಬ್ಬರೂ ಬೇಗ ಬನ್ನಿ" ಎಂದಳು.

ಮರುದಿನ ಕೆಂಚ ಎಲ್ಲರಿಗಿಂತ ಚೆನ್ನಾಗಿ ಬೇರು ಅಗೆದ. ಅದು ಅವನಿಗೆ ನಿಜವಾಗಿ ಬರುತ್ತಿದ್ದ ಕೆಲಸ. ಇಷ್ಟು ದಿನ ಯಾರಿಗೂ ಹೇಳಿರಲೇ ಇಲ್ಲ.

ನೀತಿ: ಪರನಾಡಿನಲ್ಲಿ ಇಲ್ಲದ ಹಿರಿಮೆ ತೋರಿದರೆ ಚಪ್ಪಾಳೆ ಸಿಗುತ್ತದೆ, ಒಡನಾಡಿ ಸಿಗುವುದಿಲ್ಲ. ಇದ್ದಂತೆ ಇದ್ದು, ತನ್ನಂತೆಯೇ ಬಂದ ಇನ್ನೊಬ್ಬರಿಗೆ ಜಾಗ ಕೊಟ್ಟವನಿಗೇ ಅಲ್ಲಿ ನೆಲೆ ಸಿಗುತ್ತದೆ.