ಬಂಡೆಜೇನಿನ ಒಡೆಯ

ಕೆರೆಯಂಚಿನ ಬಂಡೆಯಲ್ಲಿ ಜೇನು ಇಳಿಸಿ ಬದುಕುತ್ತಿದ್ದವಳು ಜಡೆಮ್ಮ. ಪ್ರತಿ ಹುಟ್ಟಿನಲ್ಲೂ ಅರ್ಧ ಕೊಯ್ದು, ಅರ್ಧ ಹುಳಗಳಿಗೇ ಬಿಡುತ್ತಿದ್ದಳು. ಪಟೇಲ ಕೆಂಚೇಗೌಡರಿಗೆ ಅದನ್ನು ಸಹಿಸಲಾಗಲಿಲ್ಲ.

"ಬಂಡೆ ನಂದು, ಜೇನೂ ನಂದೇ. ಒಂದು ಹನಿ ಬಿಡದೆ ಕೆರೆದು ತಾ. ಪೇಟೆಗೆ ಕಳಿಸ್ತೀನಿ."

"ಹುಳ ಸಾಯ್ತವೆ, ಬುದ್ಧಿ."

"ಸಾಯ್ಲಿ ಬಿಡು."

ಜಡೆಮ್ಮ ಹಲ್ಲು ಕಚ್ಚಿದಳು. ಬಂಡೆಯನ್ನು ಬಿಟ್ಟುಕೊಡಬಾರದೆಂದು ಆಗಲೇ ನಿಶ್ಚಯಿಸಿದಳು. ಆದರೂ ಮೆತ್ತಗೆ ಹೇಳಿದಳು: "ಹಾಗಾದ್ರೆ ನಾಳೆ ತಾವೇ ಬಂಡೆ ಕೆಳಗೆ ನಿಂತು, ಎಲ್ಲಾ ನಂದೇ ಅಂತ ತಮಟೆ ಬಾರಿಸಿ ಸಾರಿಬಿಡಿ. ಆಮೇಲೆ ಯಾರೂ ತಕರಾರು ತೆಗೆಯೋದಿಲ್ಲ."

ಪಟೇಲರು ಹಿಗ್ಗಿದರು. ಮರುದಿನ ಅತ್ತರು ಪೂಸಿಕೊಂಡು ಬಂದರು. ಜಡೆಮ್ಮ ಊರವರನ್ನೆಲ್ಲ ಕೆರೆಯ ಆಚೆ ದಡದಲ್ಲಿ ಕೂರಿಸಿ, ತಾನೂ ಅವರ ಮುಂದೆ ನಿಂತಿದ್ದಳು.

"ಈ ಬಂಡೆ ಮೇಲಿರೋದೆಲ್ಲಾ ನಂದೇ!" ಎಂದು ಪಟೇಲರು ತಮಟೆಗೆ ನಾಲ್ಕು ಬಿಗಿದರು.

ಮೇಲಿದ್ದದ್ದೆಲ್ಲ ಕೆಳಗಿಳಿಯಿತು.

ಪಟೇಲರು ತಮಟೆ ಎಸೆದು ಕೆರೆಗೆ ಹಾರಿದರು. ಮೂಗು ಬಾಯಿ ಮಾತ್ರ ಹೊರಗಿಟ್ಟು, "ಜಡೆಮ್ಮಾ, ಹುಳ ಓಡಿಸೇ!" ಎಂದು ಅರಚಿದರು.

"ತಮ್ಮ ಸ್ವತ್ತು ಬುದ್ಧಿ, ನಾನು ಹೆಂಗೆ ಮುಟ್ಟಲಿ?"

"ನಂದಲ್ಲ ಕಣೇ! ಒಂದೂ ನಂದಲ್ಲ!"

ಜಡೆಮ್ಮ ಕಿವಿಗೆ ಕೈ ಹಿಡಿದಳು. "ಹಿಂದೆ ಕೂತೋರಿಗೆ ಕೇಳಿಸಲಿಲ್ಲವಂತೆ, ಬುದ್ಧಿ."

ಪಟೇಲರು ನೀರಿನಿಂದ ತಲೆಯೆತ್ತಿ, ಪಕ್ಕದೂರಿಗೂ ಕೇಳುವಂತೆ ಕೂಗಿ ಹೇಳಿದರು.